ಕಳಚಿಡುವ ದೀಪದ ಹಲಗೆ: ಒಂದು ಹಾಯಿದೋಣಿ ಟ್ರೇಲರಿನ ಪ್ರಕರಣ

ದೋಣಿಯ ಉದ್ದ 4.3 ಮೀಟರ್, ಹಳೆಯ ಲೆಕ್ಕದಲ್ಲಿ 14 ಅಡಿ. ಫೈಬರ್‌ಗ್ಲಾಸಿನ ಒಡಲು, ಇಬ್ಬರು ಆರಾಮವಾಗಿ ನಡೆಸಬಹುದಾದ ಹಾಯಿದೋಣಿ. ಅದನ್ನು ಹೊರುವ ಟ್ರೇಲರ್ ಸತುವಿನ ಲೇಪವಿರುವ ಉಕ್ಕಿನದು, 1.7 ಮೀಟರ್ ಅಗಲ, ಎರಡೇ ಚಕ್ರ. ದೋಣಿಯ ಮಾಲೀಕರ ದೂರು ಒಂದೇ ಸಾಲಿನದು: ಪ್ರತಿ ಹಂಗಾಮಿಗೂ ಹಿಂದೀಪ ಬದಲಿಸುತ್ತೇನೆ, ಪ್ರತಿ ಹಂಗಾಮಿಗೂ ಅವು ಕೆಡುತ್ತವೆ. ಹೊಸ ಜೊತೆಯನ್ನು ಆಗಲೇ ಖರೀದಿಸಿಟ್ಟಿದ್ದರು. ಅದನ್ನು ಹಾಕಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು.

ಹಾಕುವ ಮೊದಲು ಹಳೆಯದನ್ನು ನೋಡಿದೆ. ಎಡದೀಪದ ಗಾಜಿನೊಳಗೆ ಅರ್ಧದವರೆಗೆ ಕಂದು ನೀರು ನಿಂತಿತ್ತು. ಬಲ್ಬ್ ಕೂರುವ ಹಿತ್ತಾಳೆಯ ಬುಡ ಹಸಿರು ಹಿಡಿದು, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಬಲದೀಪ ಒಣಗಿತ್ತು, ಬಲ್ಬ್ ಚೆನ್ನಾಗಿತ್ತು, ಆದರೂ ಅದರ ನಡತೆ ವಿಚಿತ್ರ. ಕಾರಿನ ಹೆಡ್‌ಲೈಟ್ ಹಾಕಿದಾಗ ಮಂಕಾಗಿ ಉರಿಯುತ್ತಿದ್ದ ಅದು, ಬ್ರೇಕ್ ಒತ್ತಿದ ಕ್ಷಣ ಪೂರ್ತಿ ಆರುತ್ತಿತ್ತು. ಹಿಂದೆ ಬರುವವರ ಪಾಲಿಗೆ ಇದಕ್ಕಿಂತ ಕೆಟ್ಟ ಸಂಕೇತ ಇನ್ನೊಂದಿಲ್ಲ.

ಎಡದ ಕಾಯಿಲೆ ನೀರಿನದು. ದೋಣಿಯನ್ನು ಇಳಿಸಲು ಟ್ರೇಲರನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಡುವಾಗ ಚಾಲಕರ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. 21 ವ್ಯಾಟಿನ ಬ್ರೇಕ್ ಬಲ್ಬ್ ಕೆಲವು ನಿಮಿಷ ಬಿಡದೆ ಉರಿದು, ದೀಪದ ಡಬ್ಬಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಆ ಡಬ್ಬಿ ತಣ್ಣೀರಿನಲ್ಲಿ ಮುಳುಗಿದೊಡನೆ ಗಾಳಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ರಬ್ಬರ್ ಅಂಚಿನ ಸಂದಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಸುಮ್ಮನೆ ಮುಳುಗಿಸಿದರೆ ಒಳಹೋಗದ ನೀರು ಬಿಸಿಯಾಗಿ ಮುಳುಗಿಸಿದರೆ ಹೋಗುವುದು ಹೀಗೆ. ಕೆಲವೊಮ್ಮೆ ಬಲ್ಬಿನ ಗಾಜೇ ಬಿರಿಯುತ್ತದೆ. ನೀರು ಉಪ್ಪಾಗಿದ್ದು ಪ್ಲಗ್ ಇನ್ನೂ ಕಾರಿಗೆ ಸಿಕ್ಕಿಸಿಯೇ ಇದ್ದರೆ, ವಿದ್ಯುತ್ ಹರಿಯುವ ತಾಮ್ರ, ಹಿತ್ತಾಳೆಗಳು ಇನ್ನೂ ಬೇಗ ತಿನ್ನಿಸಿಕೊಳ್ಳುತ್ತವೆ. ನೀರಿಗಿಳಿಸುವ ಮುನ್ನ ಪ್ಲಗ್ ತೆಗೆಯಿರಿ, ದೀಪ ತಣ್ಣಗಾಗಲು ಬಿಡಿ ಎಂಬ ಬುದ್ಧಿವಾದ ಹಳೆಯದು, ಸರಿಯಾದದ್ದೂ ಹೌದು. ಆದರೆ ಹಿಂದೆ ನಾಲ್ಕು ದೋಣಿಗಳು ಸರದಿಗೆ ಕಾಯುತ್ತಿರುವಾಗ ಬಲ್ಬ್ ತಣ್ಣಗಾಗಲೆಂದು ಯಾರೂ ನಿಲ್ಲುವುದಿಲ್ಲ.

ಬಲದ ಕಾಯಿಲೆ ಅರ್ತಿಂಗಿನದು, ಅಂದರೆ ವಿದ್ಯುತ್ತು ದೀಪದಿಂದ ಕಾರಿಗೆ ಮರಳುವ ದಾರಿಯದು. ಅದಕ್ಕೆ ಮುಂದೆ ಬರುತ್ತೇನೆ.

ಮೂರನೆಯ ದೋಷದ ಬಗ್ಗೆ ಯಾರೂ ದೂರು ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡದು ಅದೇ. ದೀಪಗಳಿದ್ದದ್ದು ಟ್ರೇಲರ್ ಚೌಕಟ್ಟಿನ ಹಿಂತುದಿಯಲ್ಲಿ. ದೋಣಿಯ ಹಿಂಭಾಗ ಆ ತುದಿಯಿಂದಾಚೆ 60 ಸೆಂ.ಮೀ. ಚಾಚಿಕೊಂಡಿತ್ತು. ಹಿಂದಿನ ಕಾರಿನವರು ಎತ್ತರದ ಸೀಟಿನಲ್ಲಿ ಕುಳಿತಿದ್ದು ಹತ್ತಿರ ಬಂದರೆ, ದೋಣಿಯ ಹೊಟ್ಟೆ ಅವರಿಗೂ ದೀಪಕ್ಕೂ ನಡುವೆ ಮರೆಯಾಗಿ ನಿಲ್ಲುತ್ತಿತ್ತು. ಅಂದರೆ ದೀಪ ಎಷ್ಟೇ ಹೊಸದಾಗಿರಲಿ, ಬ್ರೇಕಿನ ಬೆಳಕು ಕಾಣಲೇಬೇಕಾದ ಅಂತರದಲ್ಲೇ ಅದು ಕಾಣುತ್ತಿರಲಿಲ್ಲ.

ಹೀಗಾಗಿ ಹೊಸ ಜೊತೆಯನ್ನು ಅದೇ ಜಾಗಕ್ಕೆ ಹಾಕುವುದು ಬೇಡವೆಂದೆ. ಮುಂದೆ ಮೂರು ದಾರಿಗಳಿದ್ದವು. ನೀರು ಹೊಗದಂತೆ ಪೂರ್ತಿ ಮುಚ್ಚಿದ ಎಲ್‌ಇಡಿ ದೀಪ ಹಾಕುವುದು ಮೊದಲನೆಯದು. ಅವು ಬಿಸಿಯಾಗುವುದು ಕಡಿಮೆ, ಆದ್ದರಿಂದ ನೀರನ್ನು ಒಳಗೆಳೆಯುವ ಗೋಜು ಇಲ್ಲ. ಆದರೆ ತಂತಿಯ ಬೆಸುಗೆಗಳು ನೀರಿನಲ್ಲೇ ಉಳಿಯುತ್ತವೆ, ದೋಣಿಯ ಮರೆಯೂ ಹಾಗೆಯೇ ಉಳಿಯುತ್ತದೆ. ಎರಡನೆಯದು, ಟ್ರೇಲರಿನ ಹಿಂಬದಿಯಲ್ಲಿ ಎರಡು ಎತ್ತರದ ಕಂಬ ನಿಲ್ಲಿಸಿ ತುದಿಗೆ ದೀಪ ಕಟ್ಟುವುದು. ಮೋಟಾರ್ ದೋಣಿಯವರಿಗೆ ಇದು ಬಹಳ ಒಳ್ಳೆಯದು. ದೋಣಿಯನ್ನು ಮರಳಿ ಟ್ರೇಲರಿಗೆ ತರುವಾಗ ದಾರಿ ತೋರುವ ಕಂಬಗಳೂ ಅವೇ ಆಗುತ್ತವೆ. ಈ ಟ್ರೇಲರಿನ ಹಿಂದಿನ ಅಡ್ಡಪಟ್ಟಿ ಅದಕ್ಕೆ ತಕ್ಕಷ್ಟು ಗಟ್ಟಿಯಾಗಿರಲಿಲ್ಲ. ಮೂರನೆಯದು ದೀಪ, ತಂತಿ, ಪ್ಲಗ್ ಎಲ್ಲವನ್ನೂ ಒಂದೇ ಹಲಗೆಗೆ ಜೋಡಿಸಿ, ಅದನ್ನು ದೋಣಿಯ ಬೆನ್ನಿಗೇ, ಅಂದರೆ ಹಿಂತುದಿಯ ಹೊರಮುಖಕ್ಕೇ, ತೂಗುಹಾಕುವುದು; ನೀರಿಗಿಳಿಸುವ ಮೊದಲು ಇಡೀ ಸರಂಜಾಮನ್ನು ಕಳಚಿ ಕಾರಿನಲ್ಲಿಡುವುದು. ಟ್ರೇಲರಿನಲ್ಲಿ ಆಗ ಒಂದು ಎಳೆ ತಂತಿಯೂ ಇರುವುದಿಲ್ಲ. ಮಾಲೀಕರು ಇದನ್ನು ಒಪ್ಪಿದರು. ಹಣ ಉಳಿಯುತ್ತದೆಂದು ಅವರು ಒಪ್ಪಿದ್ದು. ಬೆಳಕು ಹೊರೆಯ ನಿಜವಾದ ಕೊನೆಗೆ ಹೋಗುತ್ತದೆಂದು ನಾನು ಒಪ್ಪಿದ್ದು.

ತೂಗಿಸುವ ಸಮಸ್ಯೆ

ಇಂಥ ಹಲಗೆ ಮಾಡಿಕೊಳ್ಳುವವರು ಸಾಮಾನ್ಯವಾಗಿ ದೀಪ, ತಂತಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಹಲಗೆಯನ್ನು ಕೊನೆಗೆ ಎರಡು ರಬ್ಬರ್ ಹಗ್ಗದಲ್ಲಿ ಬಿಗಿದು ಹೊರಡುತ್ತಾರೆ. ರಸ್ತೆಯಲ್ಲಿ ಬಿದ್ದುಹೋಗುವ ಹಲಗೆಗಳ ಕಥೆ ಅಲ್ಲಿಂದ ಶುರುವಾಗುತ್ತದೆ. ಬಿಸಿಲಿನಲ್ಲಿ ರಬ್ಬರ್ ಹಗ್ಗ ಜೀವ ಕಳೆದುಕೊಳ್ಳುತ್ತದೆ, ಉಬ್ಬುತಗ್ಗಿನಲ್ಲಿ ಹಿಗ್ಗುತ್ತದೆ, ಕೊಕ್ಕೆ ಕಳಚುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಕಷ್ಟದ ಮುಕ್ಕಾಲು ಪಾಲು ಹಿಡಿತದಲ್ಲಿದೆ.

ಹಾಯಿದೋಣಿಗೆ ಇಲ್ಲೊಂದು ಅನುಕೂಲವಿದೆ. ಅದರ ಬೆನ್ನಿನ ಮೇಲೆ ಚುಕ್ಕಾಣಿಯನ್ನು ತೂಗಿಸಲು ಎರಡು ಲೋಹದ ಬಳೆಗಳು ಈಗಾಗಲೇ ಇರುತ್ತವೆ. ಈ ದೋಣಿಯಲ್ಲಿ ಅವು ಒಂದರ ಕೆಳಗೊಂದು 25 ಸೆಂ.ಮೀ. ಅಂತರದಲ್ಲಿದ್ದವು, ತೂತು 8 ಮಿ.ಮೀ. ಮಾಲೀಕರ ಶೆಡ್ಡಿನಲ್ಲಿ ಮುರಿದ ಹಳೆಯ ಚುಕ್ಕಾಣಿಯೊಂದು ಬಿದ್ದಿತ್ತು. ಅದರ ಎರಡು ಪಿನ್ನುಗಳನ್ನು ಬಿಚ್ಚಿ, 60 ಸೆಂ.ಮೀ. ಉದ್ದದ ಗಟ್ಟಿಮರದ ರೀಪಿಗೆ ಅದೇ ಅಂತರದಲ್ಲಿ ಬೋಲ್ಟ್ ಮಾಡಿದೆವು. ರೀಪಿನ ಮೇಲೆ ಅಡ್ಡಲಾಗಿ ದೀಪದ ಹಲಗೆ. ಮೇಲಿನಿಂದ ಇಳಿಸಿದರೆ ಪಿನ್ನುಗಳು ಬಳೆಯೊಳಗೆ ಕೂರುತ್ತವೆ. ಕೆಳಗಿನ ಪಿನ್ನಿನ ತುದಿಗೆ ತೂತು ಕೊರೆದು ಕಾಟರ್ ಪಿನ್ ಹಾಕಿದರೆ, ಟ್ರೇಲರ್ ಎಷ್ಟು ಕುಪ್ಪಳಿಸಿದರೂ ಹಲಗೆ ಮೇಲಕ್ಕೆ ಕಳಚುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಆ ಬಳೆಗಳಿರುವುದು ಚುಕ್ಕಾಣಿ ತಿರುಗಲೆಂದು. ನಾವು ಅಲ್ಲಿ ತೂಗಿಸುತ್ತಿರುವುದು ತಿರುಗಲೇಬಾರದ ವಸ್ತುವನ್ನು. 1.3 ಮೀಟರ್ ಉದ್ದದ ಹಲಗೆ ನಡುವಿನ ಒಂದೇ ಅಕ್ಷದ ಮೇಲೆ ನಿಂತರೆ, ಮೊದಲ ತಿರುವಿನಲ್ಲೇ ಬಾಗಿಲಿನಂತೆ ಅತ್ತಿತ್ತ ಆಡುತ್ತದೆ. ಅದಕ್ಕೆ ಹಲಗೆಯ ಎರಡೂ ತುದಿಗಳ ಹಿಂಬದಿಗೆ ಮರದ ಗಟ್ಟಿಗಳನ್ನು ಅಂಟಿಸಿ, ದೋಣಿಗೆ ತಾಗುವ ಮುಖಕ್ಕೆ ದಪ್ಪ ಫೋಮ್ ಹಾಕಿದೆವು. ತುದಿಗಳಿಂದ ಎರಡು ನೈಲಾನ್ ಪಟ್ಟಿಗಳು ದೋಣಿಯ ಹಿಂಮೂಲೆಯ ಕೊಂಡಿಗಳಿಗೆ ಹೋಗಿ, ಬಕಲ್‌ನಲ್ಲಿ ಬಿಗಿಯುತ್ತವೆ. ಪಟ್ಟಿ ಎಳೆದಷ್ಟೂ ಗಟ್ಟಿಗಳು ದೋಣಿಗೆ ಒತ್ತಿಕೊಳ್ಳುತ್ತವೆ. ಭಾರ ಹೊರುವುದು ಬಳೆ, ಅಲುಗಾಟ ತಡೆಯುವುದು ಪಟ್ಟಿ. ಎರಡೂ ಕೈಕೊಟ್ಟರೆ ಇರಲೆಂದು ರೀಪಿನಿಂದ ದೋಣಿಯೊಳಗಿನ ಕೊಂಡಿಗೆ ಒಂದು ಗಿಡ್ಡ ಹಗ್ಗ.

ಮಾಲೀಕರಿಗೆ ಇನ್ನೊಂದು ಆಸೆ ಹುಟ್ಟಿತು. ರೀಪನ್ನೇ ಮೇಲಕ್ಕೆ ಬೆಳೆಸಿ ತುದಿಯಲ್ಲಿ ಕವಲು ಮಾಡಿದರೆ, ಮಲಗಿಸಿದ ಹಾಯಿಕಂಬಕ್ಕೂ ಅದೇ ಆಸರೆಯಾಗುತ್ತದಲ್ಲ? ಹಲವು ದೋಣಿಗಳಲ್ಲಿ ಹೀಗೆ ಮಾಡುತ್ತಾರೆ. ಬಳೆಯ ಬೋಲ್ಟುಗಳು ಒಳಗಡೆ ಅಗಲವಾದ ತಗಡಿನ ಮೇಲೆ ಬಿಗಿದಿದ್ದರೆ ತೊಂದರೆಯೂ ಇಲ್ಲ. ಇಲ್ಲಿ ಬಳೆಗಳು ಬರೀ ಸ್ಕ್ರೂಗಳ ಮೇಲೆ ನಿಂತಿದ್ದವು. ಅವನ್ನು ಹಾಕಿದವರ ಮನಸ್ಸಿನಲ್ಲಿದ್ದದ್ದು ಚುಕ್ಕಾಣಿಯ ಅಡ್ಡಬಲ, ಕಂಬದ ಜಗ್ಗಾಟವಲ್ಲ. ಬೇಡವೆಂದೆ. ಕಂಬದ ಆಸರೆ ಮೊದಲಿನಂತೆ ಟ್ರೇಲರಿನ ಚೌಕಟ್ಟಿನ ಮೇಲೆಯೇ ಉಳಿಯಿತು.

ಹಲಗೆ 18 ಮಿ.ಮೀ. ಮರೀನ್ ಪ್ಲೈವುಡ್, 15 ಸೆಂ.ಮೀ. ಅಗಲ. ಪ್ಲೈವುಡ್ ಕೊಳೆಯಲು ಶುರುವಾಗುವುದು ಅದರ ಅಂಚಿನಿಂದ ಮತ್ತು ಬೋಲ್ಟಿನ ತೂತಿನಿಂದ. ಹಾಗಾಗಿ ಅಂಚುಗಳಿಗೆ ಎಪಾಕ್ಸಿ ಕುಡಿಸಿ, ತೂತುಗಳನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆದೆವು. ಉಳಿದದ್ದು ಬಣ್ಣದ ಕೆಲಸ.

ದೀಪದ ಜಾಗಕ್ಕೆ ನಿಯಮಗಳಿವೆ, ಅವು ದೇಶಕ್ಕೊಂದು ಬಗೆ. ಅಮೆರಿಕದಲ್ಲಿ ಹಿಂದೀಪ ನೆಲದಿಂದ ಸುಮಾರು 38 ಸೆಂ.ಮೀ.ಗಿಂತ ಕೆಳಗೂ 183 ಸೆಂ.ಮೀ.ಗಿಂತ ಮೇಲೂ ಇರಬಾರದು. ಯುರೋಪಿನ ನಿಯಮದಲ್ಲಿ ಸಾಮಾನ್ಯವಾಗಿ 35ರಿಂದ 150 ಸೆಂ.ಮೀ.; ವಾಹನದ ಹೊರ ಅಂಚಿನಿಂದ 40 ಸೆಂ.ಮೀ.ಗಿಂತ ಒಳಗೆ ಸರಿಯುವಂತಿಲ್ಲ, ಜೊತೆಗೆ ಮೊನೆ ಮೇಲಾದ ತ್ರಿಕೋನದ ಕೆಂಪು ಪ್ರತಿಫಲಕ ಬೇಕು. ಈ ಹಲಗೆ ನಿಂತದ್ದು ನೆಲದಿಂದ 85 ಸೆಂ.ಮೀ. ಎತ್ತರದಲ್ಲಿ, ಟ್ರೇಲರಿನ ಅಂಚಿನಿಂದ ಎರಡೂ ಕಡೆ 20 ಸೆಂ.ಮೀ. ಒಳಗೆ. ಈ ಎರಡೂ ಕಡೆಯ ಮಿತಿಯೊಳಗಿನ ಅಳತೆ. ಪ್ರತಿಫಲಕ ಕಡ್ಡಾಯವಲ್ಲದ ಊರಿನಲ್ಲೂ ಹಾಕಿಕೊಳ್ಳಿ ಎನ್ನುತ್ತೇನೆ. ತಂತಿ, ಫ್ಯೂಸ್, ಪ್ಲಗ್ ಎಲ್ಲ ಸತ್ತ ರಾತ್ರಿಯಲ್ಲಿ ಕೆಲಸ ಮಾಡುವುದು ಅದೊಂದೇ. ನಂಬರ್ ಪ್ಲೇಟಿಗೆ ಬೆಳಕು ಬೀಳಿಸುವ ಬಿಳಿ ಕಿಂಡಿ ಜೊತೆಯ ಒಂದೇ ದೀಪದಲ್ಲಿತ್ತು. ಅದು ಯಾವ ಬದಿಯದೋ ಪ್ಲೇಟ್ ಆ ಬದಿಗೆ.

ಬಿಳಿ ತಂತಿ

ಬ್ರೇಕ್ ಒತ್ತಿದರೆ ಆರುವ ಬಲದೀಪಕ್ಕೆ ಈಗ ಬರೋಣ. ಹಳೆಯ ಮಾದರಿಯ ದೀಪದಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತುಗಳು (ಕಾದು ಬೆಳಗುವ ಎಳೆಗಳು) ಇರುತ್ತವೆ: ಹಿಂದೀಪಕ್ಕೆ 5 ವ್ಯಾಟ್, ಬ್ರೇಕ್ ಮತ್ತು ಇಂಡಿಕೇಟರಿಗೆ 21 ವ್ಯಾಟ್. ಎರಡರ ಇನ್ನೊಂದು ಕೊನೆ ಒಂದೇ, ಬಲ್ಬಿನ ಬುಡ. ಬುಡದಿಂದ ವಿದ್ಯುತ್ ಅರ್ತಿಂಗ್ ಮೂಲಕ ಕಾರಿಗೆ ಮರಳಬೇಕು. ಈ ಟ್ರೇಲರಿನಲ್ಲಿ ಆ ಮರಳುದಾರಿ ಚೌಕಟ್ಟಿನ ಉಕ್ಕೇ ಆಗಿತ್ತು, ಮತ್ತು ಬಲದೀಪದ ಬೋಲ್ಟಿನ ಕೆಳಗೆ ತುಕ್ಕು ಕೂತು ದಾರಿ ಕಡಿದುಹೋಗಿತ್ತು. ಹೆಡ್‌ಲೈಟ್ ಹಾಕಿದಾಗ 5 ವ್ಯಾಟಿನ ತಂತುವಿಗೆ ಬಂದ ವಿದ್ಯುತ್ತು ಬುಡದಲ್ಲಿ ದಾರಿ ಕಾಣದೆ, 21 ವ್ಯಾಟಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೇಕಿನ ತಂತಿ ಹಿಡಿದು ಕಾರಿನವರೆಗೆ ಹೋಗಿ, ಕಾರಿನದೇ ಬ್ರೇಕ್ ಬಲ್ಬಿನ ಮೂಲಕ ನೆಲೆ ಸೇರುತ್ತಿತ್ತು. ಅಷ್ಟು ಸುತ್ತಿದ ವಿದ್ಯುತ್ತಿನಿಂದ ಮಂಕು ಬೆಳಕಷ್ಟೇ ಸಾಧ್ಯ. ಬ್ರೇಕ್ ಒತ್ತಿದಾಗ ಆ ತಂತಿಯಲ್ಲೂ 12 ವೋಲ್ಟ್ ಬರುತ್ತದೆ. ಎರಡು ತುದಿಗಳಲ್ಲೂ ಒಂದೇ ವೋಲ್ಟೇಜ್; ವಿದ್ಯುತ್ತು ಹರಿಯಲು ಕಾರಣವೇ ಇಲ್ಲ. ದೀಪ ಆರುತ್ತದೆ.

ಟ್ರೇಲರಿನ ದೀಪ ಒಂದಕ್ಕೆ ಬದಲು ಇನ್ನೊಂದು ಹೊತ್ತಿದರೆ, ಇಂಡಿಕೇಟರ್ ಹಾಕಿದಾಗ ಎರಡೂ ಕಡೆ ಮಿಣುಕಿದರೆ, ಬಲ್ಬ್ ಬದಲಿಸುವ ಮೊದಲು ಅರ್ತಿಂಗ್ ನೋಡಬೇಕು. ಮಾಲೀಕರು ಬದಲಿಸಿದ ಬಲ್ಬುಗಳಲ್ಲಿ ಹಲವು ನಿರಪರಾಧಿಗಳಿರಬೇಕೆಂದು ನನ್ನ ಗುಮಾನಿ.

ಮರದ ಹಲಗೆಯಲ್ಲಿ ಚೌಕಟ್ಟಿನ ಭರವಸೆಯೇ ಇಲ್ಲ, ಅದೇ ಅದರ ಗುಣ. ದೀಪದ ಬೋಲ್ಟ್ ಮರದಲ್ಲಿ ಕೂತಿರುವುದರಿಂದ ಪ್ರತಿ ದೀಪದಿಂದಲೂ ಬಿಳಿ ತಂತಿಯೊಂದು ಹೊರಟು, ಎರಡೂ ಕೂಡಿ, ಪ್ಲಗ್ಗಿನವರೆಗೆ ಹೋಗಲೇಬೇಕು. ಟ್ರೇಲರ್ ಸಿಕ್ಕಿಸುವ ಕಾರಿನ ಕೊಂಡಿಯ ಉಂಡೆಗೆ ಗ್ರೀಸ್ ಹಚ್ಚಿದ್ದರೂ, ತುಕ್ಕು ಹಿಡಿದಿದ್ದರೂ ಬೆಳಕಿಗೆ ಅದರ ಗೊಡವೆ ಇಲ್ಲ.

ಈ ಕಾರಿನದು ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್: ಬಿಳಿ ಅರ್ತಿಂಗ್, ಕಂದು ಹಿಂದೀಪ, ಹಳದಿ ಎಡದ ಬ್ರೇಕ್ ಮತ್ತು ಇಂಡಿಕೇಟರ್, ಹಸಿರು ಬಲದ್ದು. ಯುರೋಪಿನ ಏಳು ಪಿನ್ನಿನ ದುಂಡು ಪ್ಲಗ್ ಇರುವ ಕಡೆ ಬ್ರೇಕಿಗೆ ಬೇರೆಯೇ ಕೆಂಪು ತಂತಿ, ಎಡದ ಹಿಂದೀಪಕ್ಕೆ ಕಪ್ಪು, ಬಲದ್ದಕ್ಕೆ ಕಂದು, ಮಂಜುದೀಪಕ್ಕೆ ನೀಲಿ. ಹಳದಿ, ಹಸಿರುಗಳಿಗೆ ಇಂಡಿಕೇಟರ್ ಕೆಲಸ ಮಾತ್ರ. ಎರಡು ಪದ್ಧತಿಗಳನ್ನು ನೇರವಾಗಿ ಒಂದಕ್ಕೊಂದು ಬೆಸೆಯಲು ಹೋಗಬಾರದು. ನಡುವೆ ಪರಿವರ್ತಕ ಬೇಕು.

ಕೇಬಲ್ 7.5 ಮೀಟರ್ ಬೇಕಾಯಿತು. ದಪ್ಪದ ಮಾತು ಬಂದಾಗ ಲೆಕ್ಕ ಹಾಕಿದೆವು. ಎರಡೂ ಬ್ರೇಕ್ ಮತ್ತು ಎರಡೂ ಹಿಂದೀಪ ಒಟ್ಟಿಗೆ ಉರಿದರೆ 52 ವ್ಯಾಟ್. ಬಿಳಿ ತಂತಿಯೊಂದರಲ್ಲೇ ನಾಲ್ಕೂಕಾಲು ಆಂಪಿಯರಿನಷ್ಟು ಮರಳುತ್ತದೆ. 1 ಚದರ ಮಿ.ಮೀ. ತಾಮ್ರದಲ್ಲಿ ಹೋಗುವಾಗ, ಬರುವಾಗ ಸೇರಿ ಸುಮಾರು 0.8 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಕಡಿಮೆ ಎನಿಸಬಹುದು, ಆದರೆ ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ, ಆ 0.8 ವೋಲ್ಟಿಗೆ ಬೆಳಕಿನ ಐದನೆಯ ಒಂದು ಭಾಗ ಹೋಗುತ್ತದೆ. 1.5 ಚದರ ಮಿ.ಮೀ. ಆದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಅದನ್ನೇ ಹಾಕಿದೆವು. ಮಾಲೀಕರು ಖರೀದಿಸಿಟ್ಟಿದ್ದ ಬಲ್ಬಿನ ಜೊತೆಯನ್ನು ಹಿಂತಿರುಗಿಸಿ ಎಲ್‌ಇಡಿ ತಂದದ್ದು ಆಮೇಲೆ. ಎಲ್‌ಇಡಿಗೆ ಇಷ್ಟು ದಪ್ಪ ತಂತಿ ಬೇಕಿರಲಿಲ್ಲ, ನಿಜ. ಆದರೂ ದೋಣಿಯ ತುದಿಯಲ್ಲಿ ನಡುಗುವ ತೆಳು ತಂತಿ ಕಡಿಯುವುದು ವಿದ್ಯುತ್ತಿನಿಂದಲ್ಲ, ಅಲುಗಾಟದಿಂದ. ತಂತುವಿನ ಬಲ್ಬಿಗೂ ಅಲ್ಲಿ ಆಯಸ್ಸು ಕಡಿಮೆ.

ಜೋಡಣೆಗಳನ್ನೆಲ್ಲ ಕ್ರಿಂಪ್ ಮಾಡಿ (ಲೋಹದ ತೊಡಿಗೆಯಲ್ಲಿ ಒತ್ತಿ ಬಿಗಿದು), ಒಳಮುಖಕ್ಕೆ ಅಂಟು ಲೇಪಿಸಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಹಲಗೆಯ ಹಿಂಬದಿಯಲ್ಲೇ ಇರಿಸಿದೆವು. ಅಲ್ಲಿಂದ ಪ್ಲಗ್ಗಿನವರೆಗೆ ಒಂದೂ ಜೋಡಣೆಯಿಲ್ಲ. ಹಲಗೆಯಿಂದ ಕೇಬಲ್ ಹೊರಡುವಲ್ಲಿ ಎರಡು ಕ್ಲ್ಯಾಂಪ್. ಯಾರಾದರೂ ಎಡವಿ ಎಳೆದರೆ ಜಗ್ಗುವುದು ಕ್ಲ್ಯಾಂಪನ್ನು, ದೀಪದ ತಂತಿಯನ್ನಲ್ಲ. ಕೇಬಲ್ ದೋಣಿಯೊಳಗೇ ಸಾಗಿ, ಮೂತಿಯ ಕೊಂಡಿಯಲ್ಲಿ ಒಮ್ಮೆ ಸುತ್ತಿ ಕಾರಿಗೆ ಇಳಿಯುತ್ತದೆ. ಕಾರು ಪೂರ್ತಿ ತಿರುಗಿದಾಗ ಬಿಗಿಯಾಗದಷ್ಟು ಸಡಿಲ, ನೆಲಕ್ಕೆ ಉಜ್ಜದಷ್ಟು ಗಿಡ್ಡ. ಆ ಅಳತೆಯನ್ನು ಖಾಲಿ ಜಾಗದಲ್ಲಿ ಕಾರನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿಯೇ ಕಂಡುಕೊಳ್ಳಬೇಕು.

ದೋಣಿ ಇಲ್ಲದಾಗ?

ಎಲ್ಲ ಮುಗಿದ ಮೇಲೆ ಮಾಲೀಕರು ಕೇಳಿದರು: ದೋಣಿ ನೀರಿಗಿಳಿದ ಮೇಲೆ ಖಾಲಿ ಟ್ರೇಲರನ್ನು ರಸ್ತೆಯಲ್ಲಿ ಒಯ್ಯಬೇಕಾದರೆ ನಿಮ್ಮ ಹಲಗೆಯನ್ನು ಎಲ್ಲಿ ತೂಗಿಸಲಿ? ಇಂಥ ಹಲಗೆಗಳ ನಿಜವಾದ ದೌರ್ಬಲ್ಯವೇ ಇದು, ಹೆಚ್ಚಿನವರಿಗೆ ಮೊದಲ ದಿನ ನೀರಿನ ಬಳಿಯಲ್ಲೇ ಹೊಳೆಯುವಂಥದ್ದು.

ಟ್ರೇಲರಿನ ಹಿಂದಿನ ಅಡ್ಡಪಟ್ಟಿಯ ನಡುವೆ ಅದೇ ಅಂತರದ ಎರಡು ಬಳೆಗಳಿರುವ ಗೂಟ ನಿಲ್ಲಿಸಿದರೆ ಆಯಿತು. ಆದರೆ ದೋಣಿ ಜಾರಿ ಇಳಿಯುವ ದಾರಿ ಅದೇ, ಅಲ್ಲಿ ಗೂಟ ಸ್ಥಿರವಾಗಿ ನಿಲ್ಲುವಂತಿಲ್ಲ. ಅದಕ್ಕೆ ಅಡ್ಡಪಟ್ಟಿಗೆ ಚೌಕಾಕಾರದ ಗಿಡ್ಡ ಕೊಳವೆಯೊಂದನ್ನು ಯೂ ಬೋಲ್ಟಿನಿಂದ ಬಿಗಿದು, ಗೂಟವನ್ನು ಟ್ರೇಲರ್ ಖಾಲಿಯಾದಾಗ ಮಾತ್ರ ಅದರೊಳಗೆ ಇಳಿಸಿ ಪಿನ್ ಹಾಕುವಂತೆ ಮಾಡಿದೆವು. ಗೂಟಕ್ಕೊಂದು ಅಡ್ಡತೋಳಿದೆ, ಹಲಗೆಯ ಗಟ್ಟಿಗಳು ಒರಗುವುದು ಅದಕ್ಕೆ. ಪಟ್ಟಿಗಳು ದೋಣಿಯ ಬದಲು ಚೌಕಟ್ಟಿಗೆ. ಗೂಟ ಸುಂದರವಾಗಿಲ್ಲ, ಕಾರಿನಲ್ಲಿ ಜಾಗವನ್ನೂ ತಿನ್ನುತ್ತದೆ.

ಬಳೆಗೆ ತೂಗಿಸುವುದರಲ್ಲಿ ಇನ್ನೊಂದು ಲಾಭವಿದೆ ಎಂದು ಮಾಲೀಕರೇ ಹೇಳಿದರು: ಹಲಗೆ ಅಲ್ಲಿರುವವರೆಗೆ ಚುಕ್ಕಾಣಿ ಹಾಕಲಾಗುವುದಿಲ್ಲ, ಹಾಗಾಗಿ ತೆಗೆಯುವುದನ್ನು ಮರೆಯುವ ಭಯವಿಲ್ಲ. ಚುಕ್ಕಾಣಿಯನ್ನು ದಡದಲ್ಲೇ ಹಾಕುವವರಿಗೆ ಇದು ನಿಜ. ನೀರಿಗಿಳಿದ ಮೇಲೆ ಹಾಕುವವರು ಬಹಳ ಮಂದಿ, ಅವರಿಗೆ ಈ ರಕ್ಷಣೆ ಇಲ್ಲ. ಮೊದಲು ಪ್ಲಗ್, ಪಟ್ಟಿ, ಹಲಗೆ ತೆಗೆದು, ಆಮೇಲೆ ಹಾಯಿಕಂಬ ನಿಲ್ಲಿಸುವ ಕ್ರಮವನ್ನು ಅವರು ಕೈಗೆ ರೂಢಿ ಮಾಡಿಕೊಳ್ಳಬೇಕು.

ಹೊರಡುವ ಮೊದಲಿನ ಪರೀಕ್ಷೆಗೂ ಕ್ರಮವಿದೆ. ಹಿಂದೀಪ, ಎಡ, ಬಲ, ಬ್ರೇಕ್ ಎಂದು ಒಂದೊಂದನ್ನೇ ನೋಡಿದರೆ ಸಾಲದು. ಹಿಂದೀಪ ಉರಿಯುತ್ತಿರುವಾಗಲೇ ಬ್ರೇಕ್ ಒತ್ತಿಸಿ, ಅದರ ಮೇಲೆ ಇಂಡಿಕೇಟರ್ ಹಾಕಿಸಿ ನೋಡಬೇಕು. ಬಿಳಿ ತಂತಿ ಸೋಲುವುದು ಮೂರೂ ಕೂಡಿದಾಗ.

ಹಂಗಾಮು ಮುಗಿದ ಮೇಲೆ ಹಲಗೆಯನ್ನು ಮತ್ತೆ ನೋಡಿದೆ. ದೀಪ, ತಂತಿಗಳು ಹೊಸದರಂತಿದ್ದವು. ಪ್ಲಗ್ಗಿನ ಪಿನ್ನುಗಳು ಮಾತ್ರ ಸ್ವಲ್ಪ ಕಪ್ಪಾಗಿದ್ದವು, ಒರೆಸಿ ಗ್ರೀಸ್ ಹಚ್ಚಿದೆವು. ತೊಂದರೆ ಕಂಡದ್ದು ಫೋಮಿನಲ್ಲಿ. ರಸ್ತೆಯ ಮರಳು ಅದರೊಳಗೆ ಸೇರಿ, ದೋಣಿಯ ಬೆನ್ನಿನ ಹೊಳಪನ್ನು ಎರಡು ಅಂಗೈಯಗಲ ಉಜ್ಜಿ ಮಂಕಾಗಿಸಿತ್ತು. ಫೋಮಿನ ಮೇಲೆ ನಯವಾದ ರಬ್ಬರ್ ಹಾಳೆ ಅಂಟಿಸಿ, ಪ್ರತಿ ಸಲ ಒರೆಸಿಯೇ ಹಾಕಬೇಕೆಂದು ನಿಶ್ಚಯವಾಯಿತು. ಕೆಳಬಳೆಯ ಒಂದು ಸ್ಕ್ರೂ ಕೂಡ ಸಡಿಲಾಗಿತ್ತು. ಅಲ್ಲಿ ಈಗ ಸ್ಕ್ರೂ ಬದಲು ಬೋಲ್ಟ್, ಒಳಗಡೆ ಅಂಗೈಯಗಲದ ತಗಡು.

ಹಾಗಾದರೆ ಕಂಬದ ಆಸರೆಯನ್ನೂ ಈಗ ಅಲ್ಲಿಗೇ ತರಬಹುದಲ್ಲ ಎಂದು ಮಾಲೀಕರು ಮತ್ತೆ ಕೇಳಿದ್ದಾರೆ. ಮೇಲಿನ ಬಳೆಗೂ ತಗಡು ಬಿದ್ದ ಮೇಲೆ ಯೋಚಿಸೋಣ ಎಂದಿದ್ದೇನೆ. ಅದಕ್ಕಿಂತ ಮೊದಲು ಆಗಬೇಕಾದದ್ದು ಕಂಬದ ತುದಿಯದು: ಅದು ಹಲಗೆಯಿಂದಲೂ ಒಂದು ಮೀಟರಿಗಿಂತ ಹೆಚ್ಚು ಹಿಂದಕ್ಕೆ ಚಾಚುತ್ತದೆ. ಹಗಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ರಾತ್ರಿಗಾಗಿ ಹಲಗೆಯ ಕಂದು ಮತ್ತು ಬಿಳಿ ತಂತಿಗಳಿಂದ ಎರಡು ಪಿನ್ನಿನ ಸಣ್ಣ ಸಾಕೆಟ್ ಒಂದನ್ನು ಕೆಳಗಡೆ ತೆಗೆದಿಟ್ಟಿದ್ದೇನೆ. ಕಂಬದ ತುದಿಗೆ ಕಟ್ಟುವ ಪುಟ್ಟ ಕೆಂಪು ಎಲ್‌ಇಡಿ ಇನ್ನೂ ಬರಬೇಕು.